ಮೆಮೊರೀಸ್ ಆಫ್ ಮರ್ಡರ್: ಹಳೇ ಡಿವಿಡಿ, ಸ್ಟ್ರೀಮಿಂಗ್, ಬ್ಲೂ-ರೇ. ಯಾವುದರಲ್ಲಿ ನೋಡಬೇಕು?

ಮಳೆ ಸುರಿಯುವ ರಾತ್ರಿ. ಹೆಂಗಸೊಬ್ಬಳು ಕೊಡೆ, ಟಾರ್ಚ್ ಹಿಡಿದು ಗದ್ದೆ ಬದಿಯ ದಾರಿಯಲ್ಲಿ ಒಬ್ಬಳೇ ಹೋಗುತ್ತಿದ್ದಾಳೆ. ಅವಳ ಹಿಂದೆ, ಪೈರಿನ ನಡುವಿಂದ, ಒಂದು ತಲೆ ಮೇಲೇಳುತ್ತದೆ. ಕೊರಿಯಾದ ನಿರ್ದೇಶಕ ಬಾಂಗ್ ಜೂನ್-ಹೋ ಅವರ ‘ಮೆಮೊರೀಸ್ ಆಫ್ ಮರ್ಡರ್’ನ ಈ ದೃಶ್ಯ ಒಂದೇ ಸಾಕು, ಯಾವ ರೂಪದಲ್ಲಿ ಈ ಸಿನಿಮಾ ಉಳಿಯುತ್ತದೆ, ಯಾವುದರಲ್ಲಿ ಕೆಡುತ್ತದೆ ಅಂತ ಹೇಳಲು. ಅದನ್ನೇ ಮೂರರಲ್ಲೂ ಹಾಕಿ ನೋಡಿದೆ. ಕೊರಿಯಾದ ಹಳೇ ಡಿವಿಡಿ, ಒಂದು ಸ್ಟ್ರೀಮಿಂಗ್ ಆ್ಯಪ್, ಆಮೇಲೆ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2021ರಲ್ಲಿ ತಂದ ಬ್ಲೂ-ರೇ, ಅಂದರೆ ಡಿವಿಡಿಯಂತೆಯೇ ಕಾಣುವ, ಆದರೆ ಹೆಚ್ಚು ಹಿಡಿಸುವ ಡಿಸ್ಕ್. ಟಿವಿ ಅದೇ, ಸ್ಪೀಕರ್ ಅದೇ.

ಡಿವಿಡಿಯಲ್ಲಿ ತಲೆ ಕಾಣುತ್ತದೆ, ಆದರೆ ಅಂಚು ಮಸುಕು. ಪೈರು ಒಂದು ಕಪ್ಪು ಮುದ್ದೆಯಂತೆ ಇರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಕತ್ತಲು ಚೌಕ ಚೌಕವಾಗಿ ಒಡೆದಿತ್ತು. ಏನೋ ಅಲ್ಲಾಡಿತು ಅನ್ನಿಸಿತು, ಅಷ್ಟೇ. ಬ್ಲೂ-ರೇಯಲ್ಲಿ ಮಳೆ ಹನಿ ಬೇರೆ, ಪೈರಿನ ಎಲೆ ಬೇರೆ, ಅದರ ನಡುವಿನ ಮನುಷ್ಯ ಬೇರೆ. ಅವಳಿಗಿಂತ ಮೊದಲೇ ನಮಗೆ ಅವನು ಕಾಣುತ್ತಾನೆ. ಹೆದರಿಕೆ ಹುಟ್ಟುವುದೇ ಅಲ್ಲಿ. ಅವನು ಕಾಣದಿದ್ದರೆ ದೃಶ್ಯವೇ ಇಲ್ಲ.

ಇದಕ್ಕೆ ಕಾರಣ ಸರಳ. ವಿಡಿಯೋ ಕುಗ್ಗಿಸುವಾಗ, ಒಂದು ಫ್ರೇಮಿಗೂ ಮುಂದಿನದಕ್ಕೂ ಬದಲಾಗದ ಭಾಗವನ್ನು ಮತ್ತೆ ಬರೆಯದೆ ಜಾಗ ಉಳಿಸುತ್ತಾರೆ. ಮಳೆಯಲ್ಲಿ ಎಲ್ಲವೂ ಪ್ರತಿ ಫ್ರೇಮಿಗೂ ಬದಲಾಗುತ್ತದೆ. ಗಾಳಿಗೆ ಆಡುವ ಪೈರೂ ಹಾಗೇ. ಇನ್ನು ಕತ್ತಲಿನ ಸಣ್ಣ ಸಣ್ಣ ಛಾಯೆಗಳು, ಜಾಗ ಸಾಲದಾಗ ಮೊದಲು ಬಲಿಯಾಗುವುದೇ ಅವು. ಈ ಸಿನಿಮಾ ತುಂಬಾ ಇರುವುದು ಮಳೆ, ಗದ್ದೆ, ಕತ್ತಲು! ಬ್ಲೂ-ರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ಜಾಗ ಇದೆ. ಡಿವಿಡಿಯಲ್ಲಿ ಅದರ ಕಾಲು ಭಾಗವೂ ಇಲ್ಲ, ಜೊತೆಗೆ ಚಿತ್ರದ ಗಾತ್ರವೇ ಚಿಕ್ಕದು. ಸ್ಟ್ರೀಮಿಂಗ್‌ನಲ್ಲಿ ಗಾತ್ರ ದೊಡ್ಡದಿದ್ದರೂ ಅದಕ್ಕೆ ಕೊಡುವ ಜಾಗ ಬ್ಲೂ-ರೇಗಿಂತ ಸಾಮಾನ್ಯವಾಗಿ ತುಂಬಾ ಕಡಿಮೆ. ಅದಕ್ಕೇ ಹಗಲಿನ ದೃಶ್ಯಗಳಲ್ಲಿ ಅದು ಡಿವಿಡಿಯನ್ನು ಸುಲಭವಾಗಿ ಮೀರಿಸುತ್ತದೆ, ಮಳೆ ಬಂದ ತಕ್ಷಣ ಸೋಲುತ್ತದೆ.

ಸಿನಿಮಾ ನೋಡದವರಿಗೆ ಎರಡು ಮಾತು. 1986ರಿಂದ 1991ರವರೆಗೆ ದಕ್ಷಿಣ ಕೊರಿಯಾದ ಹ್ವಾಸಂಗ್ ಪ್ರದೇಶದಲ್ಲಿ ಹೆಂಗಸರ ಸರಣಿ ಕೊಲೆಗಳಾದವು. ಅದರ ಮೇಲೆ 2003ರಲ್ಲಿ ಬಂದ ಚಿತ್ರ ಇದು. ಸಾಂಗ್ ಕಾಂಗ್-ಹೋ ಹಳ್ಳಿಯ ಪೊಲೀಸ್. ಮುಖ ನೋಡಿದರೇ ಕಳ್ಳ ಯಾರು ಅಂತ ಹೇಳಬಲ್ಲೆ ಅನ್ನುವವನು. ಕಿಮ್ ಸಾಂಗ್-ಕ್ಯುಂಗ್ ಸೋಲ್‌ನಿಂದ ಬಂದ ಪೊಲೀಸ್. ಕಾಗದ ಪತ್ರ ಸುಳ್ಳು ಹೇಳಲ್ಲ ಅನ್ನುವವನು. ಒದ್ದು ಬಡಿದು ಒಪ್ಪಿಸುವ ಠಾಣೆ, ಸಾಕ್ಷ್ಯ ಕಾಯಲು ಬಾರದ ಇಲಾಖೆ, ಮಿಲಿಟರಿ ಆಡಳಿತದ ಕಾಲ. ಗದ್ದೆಯಲ್ಲಿ ಸಿಕ್ಕ ಒಂದೇ ಹೆಜ್ಜೆಗುರುತಿನ ಮೇಲೆ ಟ್ರ್ಯಾಕ್ಟರ್ ಹಾದು ಹೋಗುವ ಉದ್ದನೆಯ ಶಾಟ್ ಇದೆ. ಅದನ್ನು ಮಾತ್ರ ಯಾವುದರಲ್ಲಿ ನೋಡಿದರೂ ಹೊಟ್ಟೆ ಉರಿಯುತ್ತದೆ.

ಈಗ ಬಣ್ಣದ ವಿಷಯ. ಇಲ್ಲಿ ಹಳೇ ಡಿವಿಡಿ ಪರವಾಗಿ ನಿಲ್ಲುತ್ತೇನೆ. ಚಿತ್ರ ಶುರುವಾಗುವುದು ಮಾಗಿದ ಭತ್ತದ ಗದ್ದೆಯಲ್ಲಿ. ಡಿವಿಡಿಯಲ್ಲಿ ಅದು ಬಂಗಾರದ ಹಳದಿ, ಬಿಸಿಲು ಮೈಗೆ ತಾಗುವಂಥದ್ದು. ಅಷ್ಟು ಚೆಂದದ ಬೆಳಕಿನ ಕೆಳಗೆ ಚರಂಡಿಯಲ್ಲಿ ಹೆಣ ಇದೆ ಅನ್ನುವುದೇ ಮೊದಲ ಏಟು. ಬ್ಲೂ-ರೇಗೆ ಬಳಸಿರುವುದು ಹೊಸ 4ಕೆ ಪ್ರತಿ, ಅಂದರೆ ಸಾಮಾನ್ಯ ಬ್ಲೂ-ರೇಗಿಂತ ಸುಮಾರು ನಾಲ್ಕು ಪಟ್ಟು ಚುಕ್ಕಿಗಳಿರುವ ಡಿಜಿಟಲ್ ಪ್ರತಿ. ಅದರಲ್ಲಿ ಎಲ್ಲವೂ ಸ್ವಲ್ಪ ತಣ್ಣಗೆ, ಸ್ವಲ್ಪ ಹಸಿರು ಕಡೆಗೆ ವಾಲಿದೆ, ಜಾಸ್ತಿ ಗಾಢವಾಗಿದೆ. ಈ ಬಣ್ಣವನ್ನು ಯಾರೋ ಮನಸ್ಸಿಗೆ ಬಂದಂತೆ ಹಚ್ಚಿದ್ದಲ್ಲ. ಛಾಯಾಗ್ರಾಹಕ ಕಿಮ್ ಹ್ಯುಂಗ್-ಕೂ ಅವರೇ ಮುಂದೆ ನಿಂತು ಮಾಡಿಸಿದ್ದು, ಬಾಂಗ್ ಒಪ್ಪಿದ್ದು. ಮಾಡಿದವರ ಮಾತಿಗೆ ಬೆಲೆ ಇದೆ. ಆದರೂ ಆ ಗದ್ದೆಗೆ ಹಳೇ ಬಿಸಿಲೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಾತ್ರಿ ದೃಶ್ಯಗಳಲ್ಲಿ, ಠಾಣೆಯ ನೆಲಮಾಳಿಗೆಯಲ್ಲಿ, ಕೊನೆಯ ರೈಲು ಸುರಂಗದಲ್ಲಿ ಹೊಸ ಬಣ್ಣ ಚೆನ್ನಾಗಿ ಕೂತಿದೆ. ಮುಖದ ಮೇಲಿನ ನೀರು, ರಕ್ತ, ಕೆಸರು ಮೂರೂ ಬೇರೆ ಬೇರೆ ಕಾಣುತ್ತವೆ.

ಶಬ್ದದಲ್ಲಿ ಪೈಪೋಟಿಯೇ ಇಲ್ಲ. ಕೊಲೆ ನಡೆಯುವ ರಾತ್ರಿಗಳಲ್ಲೆಲ್ಲ ರೇಡಿಯೋಗೆ ಒಂದೇ ಹಾಡಿನ ಕೋರಿಕೆ ಬರುತ್ತದೆ. ಯೂ ಜೇ-ಹಾ ಹಾಡಿದ್ದು. ಬ್ಲೂ-ರೇಯಲ್ಲಿ ಆ ರೇಡಿಯೋ ಕೋಣೆಯ ಒಂದು ಮೂಲೆಯಲ್ಲಿ ಇದೆ ಅಂತಲೇ ಕಿವಿಗೆ ಗೊತ್ತಾಗುತ್ತದೆ. ಮಳೆ ನಮ್ಮ ಬೆನ್ನ ಹಿಂದೆ ಬೀಳುತ್ತದೆ. ಊರವರೆಲ್ಲ ದೀಪ ಆರಿಸಬೇಕು ಅಂತ ಕೂಗುವ ಸೈರನ್ ದೂರದಿಂದ ಹಬ್ಬುತ್ತದೆ. ಸ್ಟ್ರೀಮಿಂಗ್‌ನಲ್ಲಿ ಇದೆಲ್ಲ ಮುಂದಿನಿಂದಲೇ ಬಂತು, ಒಂದರ ಮೇಲೊಂದು. ಈ ಚಿತ್ರದ ಶಬ್ದದ ಬಗ್ಗೆ ವಿದ್ವಾಂಸ ಜೆಫ್ ಸ್ಮಿತ್ ಮಾತಾಡುವ ಕಾರ್ಯಕ್ರಮವೂ ಬ್ಲೂ-ರೇಯಲ್ಲೇ ಇದೆ. ಅದನ್ನು ನೋಡಿ ಮತ್ತೆ ಸಿನಿಮಾ ಹಾಕಿದರೆ ಕಿವಿ ಬೇರೆಯೇ ಆಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಡಾರ್ಸಿ ಪ್ಯಾಕೆಟ್ ಅವರದ್ದು, ಬಾಂಗ್ ಅವರದೇ ‘ಪ್ಯಾರಾಸೈಟ್’ ಚಿತ್ರಕ್ಕೂ ಬರೆದವರು. ಓದಲು ಸಲೀಸು.

ಬ್ಲೂ-ರೇ ಕೊಳ್ಳಲು ನನಗೆ ದೊಡ್ಡ ಕಾರಣ ಮಾತ್ರ ಬೇರೆ. ಸಿನಿಮಾ ಬಂದಾಗ ಕೊಲೆಗಾರ ಯಾರು ಅಂತ ಗೊತ್ತಿರಲಿಲ್ಲ. 2019ರಲ್ಲಿ ಡಿಎನ್‌ಎ ಮೂಲಕ ಲೀ ಚೂನ್-ಜೇ ಸಿಕ್ಕಿಬಿದ್ದ. ನಾದಿನಿಯನ್ನು ಕೊಂದ ಬೇರೆ ಕೇಸಿನಲ್ಲಿ ಅವನು 1994ರಿಂದ ಜೈಲಿನಲ್ಲೇ ಇದ್ದ! ಎಂಟನೇ ಕೊಲೆಗೆ ಸುಮಾರು 20 ವರ್ಷ ಜೈಲಿನಲ್ಲಿ ಕೊಳೆತ ಬಡಪಾಯಿಯೊಬ್ಬ ತಪ್ಪಿತಸ್ಥನಲ್ಲ ಅಂತ ಕೋರ್ಟು ಹೇಳಿದ್ದು 2020ರ ಡಿಸೆಂಬರಿನಲ್ಲಿ. ಠಾಣೆಯಲ್ಲಿ ಹೊಡೆದು ಒಪ್ಪಿಸುವ ದೃಶ್ಯಗಳನ್ನು ಇದು ಗೊತ್ತಾದ ಮೇಲೆ ನೋಡುವುದು ಬಹಳ ಕಷ್ಟ. ಬ್ಲೂ-ರೇಯಲ್ಲಿ 2009ರ ಎರಡು ಕಾಮೆಂಟರಿಗಳಿವೆ, ಅಂದರೆ ಸಿನಿಮಾ ಓಡುತ್ತಿರುವಾಗಲೇ ಅದನ್ನು ಮಾಡಿದವರು ಅದರ ಬಗ್ಗೆ ಆಡುವ ಮಾತು. ಬಾಂಗ್, ತಂತ್ರಜ್ಞರು, ಕಲಾವಿದರು ಮಾತಾಡುವಾಗ ಕೊಲೆಗಾರ ಇನ್ನೂ ಹೆಸರಿಲ್ಲದವನು. ಅದೇ ಡಿಸ್ಕಿನಲ್ಲಿ, ಅವನ ಹೆಸರು ಹೊರಬಂದ ನಂತರ ಬಾಂಗ್ ಕೊಟ್ಟ ಸಂದರ್ಶನವಿದೆ. ಕಾಮೆಂಟರಿ ಮೊದಲು ಕೇಳಿ, ಸಂದರ್ಶನ ಆಮೇಲೆ ನೋಡಿ. ಇದು ಹಳೇ ಡಿವಿಡಿ ಕೊಡಲಾರದ್ದು. ನಾನು ನೋಡಿದ ಆ್ಯಪಿನಲ್ಲಂತೂ ಸಿನಿಮಾ ಬಿಟ್ಟು ಬೇರೇನೂ ಇರಲಿಲ್ಲ.

ಕೊಳ್ಳುವ ಮುಂಚೆ ಒಂದು ಎಚ್ಚರ. ಯಾವ ದೇಶದ ಡಿಸ್ಕ್ ಎಲ್ಲಿಯ ಪ್ಲೇಯರಿನಲ್ಲಿ ಓಡಬೇಕು ಅಂತ ಜಗತ್ತನ್ನು ‘ರೀಜನ್’ಗಳಾಗಿ ಹಂಚಿದ್ದಾರೆ. ಬ್ಲೂ-ರೇಗೆ ಭಾರತ ರೀಜನ್ ಸಿ, ಅಮೆರಿಕ ರೀಜನ್ ಎ. ಇಲ್ಲಿ ಕೊಂಡ ಪ್ಲೇಯರ್ ಈ ಡಿಸ್ಕನ್ನು ಓದದೇ ಇರಬಹುದು. ಎಲ್ಲ ರೀಜನ್ ಓದುವ ಪ್ಲೇಯರ್ ಬೇಕು. ಡಿವಿಡಿಯಲ್ಲೂ ಅದೇ ಕಥೆ, ನಮ್ಮದು 5, ಕೊರಿಯಾದ್ದು 3. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಬ್ಲೂ-ರೇ ಮಟ್ಟಿಗೆ ಚಿಂತೆಯಿಲ್ಲ. ಇನ್ನೊಂದು, 4ಕೆ ಪ್ರತಿಯಿಂದ ಮಾಡಿದ್ದು ಅಂದಮಾತ್ರಕ್ಕೆ 2021ರ ಈ ಡಿಸ್ಕ್ 4ಕೆ ಡಿಸ್ಕ್ ಅಲ್ಲ. ಸಾಮಾನ್ಯ ಬ್ಲೂ-ರೇ.

ಪ್ಲೇಯರ್ ಇದ್ದರೆ ಯೋಚನೆಯೇ ಬೇಡ, ಬ್ಲೂ-ರೇ ತಗೊಳ್ಳಿ. ಹಳೇ ಡಿವಿಡಿ ಮನೆಯಲ್ಲಿದ್ದರೆ ಆ ಗದ್ದೆಗೋಸ್ಕರ ಇಟ್ಟುಕೊಳ್ಳಿ, ಹೊಸದಾಗಿ ಹುಡುಕಿ ಕೊಳ್ಳಬೇಡಿ. ಸ್ಟ್ರೀಮಿಂಗ್ ಒಂದೇ ದಾರಿ ಅನ್ನುವವರು ಮೊಬೈಲಿನಲ್ಲಿ ಮಾತ್ರ ನೋಡಬೇಡಿ. ಟಿವಿಯಲ್ಲಿ ಹಾಕಿ, ಕೋಣೆಯ ಲೈಟ್ ಆರಿಸಿ, ಆ್ಯಪಿನ ಸೆಟ್ಟಿಂಗ್‌ನಲ್ಲಿ ಗುಣಮಟ್ಟವನ್ನು ‘ಆಟೋ’ದಿಂದ ತೆಗೆದು ಅತಿ ಹೆಚ್ಚಿಗೆ ಇಡಿ.