ವಾಷ್ಟಿ ಬನ್ಯನ್ ಅವರ ಹಳೆಯ ಹಾಡುಗಳ ಡಬಲ್ ಸಿಡಿ: ವರ್ಷಗಟ್ಟಲೆ ಕೇಳಿದ ಮೇಲೆ

ತಗೊಳ್ಳಬಹುದಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಖಂಡಿತ ತಗೊಳ್ಳಿ. ಆದರೆ ಇಂಗ್ಲೆಂಡಿನ ಈ ಗಾಯಕಿ ವಾಷ್ಟಿಯ ಹೆಸರನ್ನೇ ಈಗ ಮೊದಲ ಸಲ ಕೇಳುತ್ತಿದ್ದರೆ, 1970ರ 'ಜಸ್ಟ್ ಅನದರ್ ಡೈಮಂಡ್ ಡೇ' ಆಲ್ಬಂ ಕೇಳಿ ಆಮೇಲೆ ಇದಕ್ಕೆ ಬನ್ನಿ.

ಸಂಕಲನದ ಹೆಸರು 'ಸಮ್ ಥಿಂಗ್ಸ್ ಜಸ್ಟ್ ಸ್ಟಿಕ್ ಇನ್ ಯುವರ್ ಮೈಂಡ್'. ಫ್ಯಾಟ್‌ಕ್ಯಾಟ್ ಕಂಪನಿ 2007ರಲ್ಲಿ ಹೊರತಂದಿದ್ದು. ಎರಡು ಸಿಡಿ, 25 ಹಾಡು, ಎಲ್ಲವೂ 1964ರಿಂದ 1967ರ ಒಳಗಿನವು.

ವಾಷ್ಟಿ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. ಲಂಡನ್ ಬಿಟ್ಟು ಕುದುರೆ ಗಾಡಿಯಲ್ಲಿ ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಹೊರಟರು, ದಾರಿಯುದ್ದಕ್ಕೂ ಹಾಡು ಕಟ್ಟಿದರು, ನಿರ್ಮಾಪಕ ಜೋ ಬಾಯ್ಡ್ ಅದನ್ನೆಲ್ಲ ಆಲ್ಬಂ ಮಾಡಿದರು, ಕೊಳ್ಳುವವರೇ ಇರಲಿಲ್ಲ, ಬೇಸತ್ತು ಹಾಡುವುದನ್ನೇ ಬಿಟ್ಟರು, ಮುಂದಿನ ಆಲ್ಬಂ ಬರುವ ಹೊತ್ತಿಗೆ 2005 ಆಗಿತ್ತು. ಕಥೆ ನಿಜವೇ. ಆದರೆ ಇದರಿಂದಾಗಿ ಅವರ ಹಣೆಗೆ 'ಫೋಕ್ ಗಾಯಕಿ', ಅಂದರೆ ಜಾನಪದ ಶೈಲಿಯ ಗಾಯಕಿ ಅಂತ ಬರೆದುಬಿಟ್ಟರು. ನಾನು ಫೋಕ್ ಹಾಡುವವಳಲ್ಲ ಅಂತ ಅವರು ಎಷ್ಟೋ ಸಲ ಹೇಳಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಪಾಪ್. ಆ ಮಾತಿಗೆ ಸಾಕ್ಷಿ ಈ ಸಿಡಿಗಳಲ್ಲಿದೆ, ನನಗೆ ಇದು ಮುಖ್ಯ ಅನಿಸುವುದು ಅದಕ್ಕೇ.

ಮೊದಲ ಹಾಡೇ ನೋಡಿ, ಸಂಕಲನಕ್ಕೆ ಹೆಸರು ಬಂದದ್ದು ಅದರಿಂದಲೇ. ರೋಲಿಂಗ್ ಸ್ಟೋನ್ಸ್ ಅನ್ನುವ ರಾಕ್ ಬ್ಯಾಂಡಿನ ಮ್ಯಾನೇಜರ್ ಆಗಿದ್ದ ಆಂಡ್ರ್ಯೂ ಲೂಗ್ ಓಲ್ಡಮ್ 1965ರಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿಗೆ ಮಾಡಿಸಿದ ಸಿಂಗಲ್ (ಬದಿಗೊಂದು ಹಾಡಿನ ಪುಟ್ಟ ರೆಕಾರ್ಡ್) ಅದು, ಬರೆದವರು ಅದೇ ಬ್ಯಾಂಡಿನ ಜಾಗರ್ ಮತ್ತು ರಿಚರ್ಡ್ಸ್. ಸುತ್ತ ವಾದ್ಯಗಳ ಭರಾಟೆ. ನಡುವೆ ಈ ಮೆಲು ದನಿ. ಗದ್ದಲವನ್ನು ಮೀರಿಸಿ ಹಾಡಬೇಕು ಅನ್ನುವ ಆಸೆ ಆ ದನಿಗೆ ಇಲ್ಲವೇ ಇಲ್ಲ. ಬಿ ಬದಿಯ 'ಐ ವಾಂಟ್ ಟು ಬಿ ಅಲೋನ್' ವಾಷ್ಟಿ ಅವರದೇ ರಚನೆ. ನನಗಂತೂ ಅದೇ ಜಾಸ್ತಿ ಇಷ್ಟ.

ಆದರೆ ಇಡೀ ಸಂಕಲನದ ಜೀವ ಅಂದರೆ 1966ರ 'ಟ್ರೈನ್ ಸಾಂಗ್'. ಎರಡು ನಿಮಿಷದ ಚಿಲ್ಲರೆ ಅಷ್ಟೇ. ಗಿಟಾರ್ ಒಂದೇ ವೇಗದಲ್ಲಿ ಓಡುತ್ತಲೇ ಇರುತ್ತದೆ, ದನಿ ಎಲ್ಲೂ ನಡುಗುವುದಿಲ್ಲ, ಏರುವುದಿಲ್ಲ, ಉತ್ತರದ ಕಡೆ ಯಾರನ್ನೋ ಹುಡುಕಿಕೊಂಡು ಹೊರಟವಳ ದುಗುಡ ಮಾತ್ರ ಪೂರ್ತಿ ತಲುಪುತ್ತದೆ. ಸಾಹಿತ್ಯ ಅಲಾಸ್ಡೇರ್ ಕ್ಲೇರ್ ಅವರದು. ಮೊದಲ ಸಿಡಿಯ ಕೊನೆಗೆ '17 ಪಿಂಕ್ ಶುಗರ್ ಎಲಿಫೆಂಟ್ಸ್' ಅಂತ ಒಂದಿದೆ, ತಪ್ಪದೆ ಕೇಳಿ. ಟ್ಯೂನ್ ಕಿವಿಗೆ ಬಿದ್ದ ಕೂಡಲೇ ಗೊತ್ತಾಗುತ್ತದೆ, ಇದೇ ತಾನೇ ಆ ರೈಲಿನ ಹಾಡಾಗಿದ್ದು ಅಂತ! ಮೊದಲು ಬೇರೆಯೇ ಮಾತುಗಳಿದ್ದ ಟ್ಯೂನ್ ಅದು.

'ವಿಂಟರ್ ಈಸ್ ಬ್ಲೂ' ಎರಡು ಸಲ ಬರುತ್ತದೆ. ಒಂದು ಓಲ್ಡಮ್ ಅವರ ಇಮಿಡಿಯೇಟ್ ಕಂಪನಿಗೆ ಮಾಡಿದ್ದು, ಸಿಂಗಲ್ ಆಗಿ ಹೊರಬರಲೇ ಇಲ್ಲ. ಇನ್ನೊಂದು, ಕೇಳಿ ನೋಡಲು ಮಾಡುವ ಪ್ರಯೋಗದ ಪ್ರತಿ, ಅಂದರೆ ಅಸಿಟೇಟ್ ಡಿಸ್ಕ್‌ನಿಂದ ತೆಗೆದದ್ದು. ಎರಡನ್ನೂ ಒಂದಾದ ಮೇಲೆ ಒಂದು ಹಾಕಿ ಕೇಳಿ. ನನ್ನ ಓಟು ಅಸಿಟೇಟ್‌ಗೆ.

ಎರಡನೇ ಸಿಡಿ 1964ರ ಒಂದು ಟೇಪ್. 12 ಹಾಡು, ಒಂದು ಗಿಟಾರ್, 19ರ ಹುಡುಗಿಯ ದನಿ, ಇನ್ನೇನೂ ಇಲ್ಲ. ಶುರುವಿನಲ್ಲಿ ನಾನು ಇದನ್ನು ಅಷ್ಟಾಗಿ ಹಾಕುತ್ತಿರಲಿಲ್ಲ. ಎಲ್ಲ ಒಂದೇ ಥರ ಕೇಳಿಸುತ್ತಿತ್ತು, ಬಿಟ್ಟು ಹೋದ ಹುಡುಗ, ಕಾದು ಕುಳಿತ ಹುಡುಗಿ. ಈಗಲೂ ಒಂದೇ ಪಟ್ಟಿಗೆ 12 ಕೇಳುವುದು ಸ್ವಲ್ಪ ಕಷ್ಟವೇ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಮೂರ್ನಾಲ್ಕು ಹಾಡು ಕೇಳಿ ನಿಲ್ಲಿಸಿದರೆ ಬೇರೆಯೇ ಅನುಭವ. ಯಾವ ಹಾಡಲ್ಲೂ ಒಂದು ಸಾಲು ಜಾಸ್ತಿ ಇಲ್ಲ, ಹೇಳಬೇಕಾದ್ದು ಹೇಳಿ ಮುಗಿಸುತ್ತಾರೆ. ಪಾಪ್ ಹಾಡು ಕಟ್ಟುವ ಕಸುಬು ಆ ವಯಸ್ಸಿಗೇ ಕೈಗೆ ಹತ್ತಿತ್ತು ಅಂತ ಇಲ್ಲಿ ಸ್ಪಷ್ಟ ಕಾಣುತ್ತದೆ. ಇತ್ತೀಚೆಗೆ ನಾನು ಜಾಸ್ತಿ ಹಾಕುವುದು ಈ ಸಿಡಿಯನ್ನೇ.

ಧ್ವನಿಯ ಗುಣಮಟ್ಟದ ಬಗ್ಗೆ ಹೇಳಬೇಕಂದರೆ, ಹಳೆಯ ಟೇಪ್ ಅನ್ನುವುದು ನೆನಪಿರಲಿ. ಹಗಲು ಹೊತ್ತಿನಲ್ಲಿ ಬಸ್ಸಲ್ಲಿ ಇಯರ್‌ಫೋನ್ ಹಾಕಿ ಕೇಳಿದರೆ ಅರ್ಧ ಕೇಳಿಸುವುದೇ ಇಲ್ಲ. ಮನೆಯಲ್ಲಿ, ಸದ್ದಿಲ್ಲದ ಹೊತ್ತಲ್ಲಿ ಕೇಳಿ.

ಇನ್ನೊಂದು ವಿಷಯ. 'ಡೈಮಂಡ್ ಡೇ'ಯ 2000ದ ಮರುಮುದ್ರಣ ನಿಮ್ಮ ಹತ್ತಿರ ಇದ್ದರೆ, 'ಲವ್ ಸಾಂಗ್', 'ಐ'ಡ್ ಲೈಕ್ ಟು ವಾಕ್ ಅರೌಂಡ್ ಇನ್ ಯುವರ್ ಮೈಂಡ್', 'ವಿಂಟರ್ ಈಸ್ ಬ್ಲೂ' ಮೂರೂ ಅದರ ಬೋನಸ್ ಹಾಡುಗಳಲ್ಲಿ ಆಗಲೇ ಇವೆ. ಹಾಗಂತ ಇದನ್ನು ಬಿಡಬೇಡಿ, 1964ರ ಟೇಪ್ ಅದರಲ್ಲಿ ಇಲ್ಲ.