ಪೋಲೊ ಕಾರಿಗೆ ಬಿಲ್‌ಸ್ಟೈನ್ ಬಿ6: ಬೆಳಗಾವಿಯ ರಸ್ತೆಗಳಲ್ಲಿ ಮುಂದಿನ ಸಸ್ಪೆನ್ಷನ್ ಬದಲಾವಣೆಯ ವಿಮರ್ಶೆ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ಮೂಲಕ ಗೋವೆಗೆ ಇಳಿಯುವವರಿಗೆ ತಮ್ಮ ಕಾರಿನ ಮುಂದಿನ ಸಸ್ಪೆನ್ಷನ್ ಎಷ್ಟು ಗಟ್ಟಿ ಎಂಬುದು ಒಂದೇ ಪ್ರಯಾಣದಲ್ಲಿ ತಿಳಿದುಬಿಡುತ್ತದೆ. ತಿರುವಿನ ನಟ್ಟನಡುವೆ ಗುಂಡಿ, ಅದರ ಪಕ್ಕದಲ್ಲೇ ಉಬ್ಬಿಕೊಂಡ ತೇಪೆ, ಮಳೆಗಾಲದಲ್ಲಿ ಇವೆರಡರ ಮೇಲೂ ನೀರು. ನನ್ನ ಫೋಕ್ಸ್‌ವ್ಯಾಗನ್ ಪೋಲೊ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್‌ಗಳು ವಯಸ್ಸಾಗಿ ಸೋತಿದ್ದವು. ಬದಲಿಸುವುದು ಹೇಗೂ ಅನಿವಾರ್ಯವಾಗಿದ್ದರಿಂದ, ಇದ್ದದ್ದಕ್ಕಿಂತ ಉತ್ತಮವಾದುದನ್ನೇ ಹಾಕಿಸೋಣವೆಂದು ಬಿಲ್‌ಸ್ಟೈನ್ ಕಂಪನಿಯ ಬಿ6 ಎಂಬ ಶಾಕ್ ಅಬ್ಸಾರ್ಬರ್ ಜೋಡಿಯನ್ನು ತರಿಸಿ, ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಕೂಡಿಸಿಕೊಂಡೆ. ಈ ಬರಹ ಆ ಬಿಡಿಭಾಗದ ವಿಮರ್ಶೆಯೂ ಹೌದು, ಅದನ್ನು ಕೂಡಿಸಿದ ಕೈಗಳ ವಿಮರ್ಶೆಯೂ ಹೌದು. ಎರಡನೆಯದು ಸರಿಯಿಲ್ಲದಿದ್ದರೆ ಮೊದಲನೆಯದಕ್ಕೆ ಸುರಿದ ಹಣ ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ.

ಪೋಲೊ ಕಾರಿನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಜೋಡಣೆ. ನಮ್ಮ ದೇಶದ ಬಹುತೇಕ ಸಣ್ಣ ಕಾರುಗಳಲ್ಲಿ ಇರುವ ವ್ಯವಸ್ಥೆಯೂ ಇದೇ. ಇದರಲ್ಲಿ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಕುಣಿತವನ್ನು ಹಿಡಿಯುವುದರ ಜೊತೆಗೆ ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬದ ಕೆಲಸವನ್ನೂ ಮಾಡುತ್ತದೆ. ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಅಡ್ಡ ಒತ್ತಡದ ಒಂದು ಪಾಲು ನೇರವಾಗಿ ಇದರ ಪಿಸ್ಟನ್ ದಂಡದ ಮೇಲೆ ಬರುತ್ತದೆ. ಸಾಮಾನ್ಯ ಟ್ವಿನ್-ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಗಳ) ಸ್ಟ್ರಟ್‌ನಲ್ಲಿ ಈ ದಂಡ ತೆಳ್ಳಗಿರುತ್ತದೆ. ಬಿ6 ಸ್ಟ್ರಟ್‌ನಲ್ಲಿ ಮೊನೊಟ್ಯೂಬ್ (ಒಂದೇ ಕೊಳವೆಯ) ಡ್ಯಾಂಪರನ್ನು, ಅಂದರೆ ಶಾಕ್ ಅಬ್ಸಾರ್ಬರನ್ನು, ತಲೆಕೆಳಗಾಗಿ ಕೂಡಿಸಿರುತ್ತಾರೆ: ದಂಡ ಕೆಳಗೆ, ದಪ್ಪನೆಯ ಸಿಲಿಂಡರ್ ಮೇಲೆ. ಅಡ್ಡ ಒತ್ತಡವನ್ನು ಆ ದಪ್ಪ ಸಿಲಿಂಡರೇ ಹೊರುವುದರಿಂದ ಸ್ಟ್ರಟ್ ಬಾಗುವುದು ಕಡಿಮೆ. ಇನ್ನೊಂದು ಅನುಕೂಲವೆಂದರೆ ಇದರಲ್ಲಿ ಎಣ್ಣೆಗೂ ಒತ್ತಡದ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್ ಒಂದು ಅಡ್ಡವಾಗಿ ನಿಂತಿರುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿದರೂ ಎಣ್ಣೆ ಗ್ಯಾಸಿನೊಂದಿಗೆ ಬೆರೆತು ನೊರೆಯಾಗುವುದಿಲ್ಲ, ಹಿಡಿತ ಸಡಿಲುವುದಿಲ್ಲ. ಬಿಲ್‌ಸ್ಟೈನ್ 1873ರಲ್ಲಿ ಜರ್ಮನಿಯಲ್ಲಿ ಆರಂಭವಾದ ಕಂಪನಿ. 1950ರ ದಶಕದಲ್ಲಿ ಮರ್ಸಿಡಿಸ್ ಕಾರುಗಳಿಗೆ ಮೊನೊಟ್ಯೂಬ್ ಒದಗಿಸಿ ಹೆಸರು ಮಾಡಿತು.

ಇದೇ ಕಂಪನಿಯ ಬಿ8 ಏಕೆ ಬೇಡವೆಂದು ಕೆಲವರು ಕೇಳಬಹುದು. ಬಿ6 ಕಾರಿನ ಮೂಲ ಸ್ಪ್ರಿಂಗಿಗೆ ಹೊಂದುವಂತೆ ಮಾಡಿದ್ದು; ಬಿ8 ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗುಗಳಿಗಾಗಿ ಮಾಡಿದ್ದು. ಕಾರನ್ನು ತಗ್ಗಿಸಿದರೆ ತಿರುವಿನಲ್ಲಿ ವಾಲುವುದು ತಾನಾಗಿಯೇ ಕಡಿಮೆಯಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ ಕಾರುಗಳಲ್ಲಿ ಅದು ಅಷ್ಟು ಸರಳವಲ್ಲ. ಕಾರು ತಗ್ಗಿದಂತೆ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಚಕ್ರದ ಕಡೆಗೆ ಮೇಲಕ್ಕೆ ವಾಲುತ್ತದೆ; ಆಗ ಕಾರಿನ ಗುರುತ್ವ ಕೇಂದ್ರ ಇಳಿಯುವುದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಇಳಿಯುತ್ತದೆ, ವಾಲಿಸುವ ಬಲಕ್ಕೆ ಸಿಗುವ ಸನ್ನೆ ಉದ್ದವಾಗುತ್ತದೆ. ಸ್ಪ್ರಿಂಗನ್ನು ಗಟ್ಟಿ ಮಾಡಿ ಅದನ್ನು ಮುಚ್ಚಿಹಾಕಬೇಕಾಗುತ್ತದೆ. ಜೊತೆಗೆ ಸ್ಟ್ರಟ್ ಕುಗ್ಗಲು ಇರುವ ಜಾಗವೂ ಕಿರಿದಾಗಿ, ಸಣ್ಣ ಗುಂಡಿಗೂ ಅದರ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಟಿಳಕವಾಡಿಯ ಒಳರಸ್ತೆಗಳ ಸ್ಪೀಡ್ ಬ್ರೇಕರ್‌ಗಳನ್ನು ಬಲ್ಲವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಇನ್ನು ಇದ್ದ ಸ್ಪ್ರಿಂಗನ್ನೇ ಕತ್ತರಿಸಿ ಗಿಡ್ಡ ಮಾಡುವ ಪದ್ಧತಿಯಂತೂ ಅಪಾಯಕಾರಿ. ಅದಕ್ಕೆ ಯಾರೂ ಒಪ್ಪಬಾರದು.

ಮುಂದಿನ ಸ್ಟೆಬಿಲೈಸರ್ ಬಾರನ್ನು (ಎಡ-ಬಲ ಚಕ್ರಗಳ ನಡುವೆ ಇದ್ದು ಕಾರು ವಾಲುವುದನ್ನು ತಡೆಯುವ ಸರಳನ್ನು) ದಪ್ಪನೆಯದಕ್ಕೆ ಬದಲಿಸುವ ಸಲಹೆಯೂ ಬಂದಿತ್ತು. ಮುಂಚಕ್ರಗಳೇ ಎಳೆಯುವ, ಮೂತಿಯಲ್ಲೇ ಹೆಚ್ಚು ಭಾರವಿರುವ ಕಾರಿನಲ್ಲಿ ಮುಂದಿನ ಬಾರನ್ನು ಮಾತ್ರ ಗಟ್ಟಿ ಮಾಡಿದರೆ ತಿರುವಿನ ಹೊರಬದಿಯ ಮುಂದಿನ ಟೈರಿನ ಮೇಲೆ ಹೊರೆ ಮತ್ತಷ್ಟು ಬೀಳುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೆ ಜಾರುವ ಸ್ವಭಾವ ಹೆಚ್ಚಾಗುತ್ತದೆ. ಆದ್ದರಿಂದ ಬಾರನ್ನು ಮುಟ್ಟದೆ, ಸವೆದಿದ್ದ ಅದರ ಲಿಂಕ್ ರಾಡ್‌ಗಳನ್ನು, ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳನ್ನು ಮತ್ತು ಬೇರಿಂಗ್ ಸಮೇತ ಸ್ಟ್ರಟ್ ಮೌಂಟುಗಳನ್ನು ಹೊಸದಾಗಿ ಹಾಕಿಸಿದೆ. ಬುಷ್ ಸಡಿಲವಿದ್ದರೆ ಬ್ರೇಕ್ ಒತ್ತಿದಾಗ ಚಕ್ರವೇ ಹಿಂದಕ್ಕೆ ಸರಿದು ಅದರ ದಿಕ್ಕು ಬದಲಾಗುತ್ತದೆ. ಅದರ ಮೇಲೆ ಎಷ್ಟೇ ದುಬಾರಿ ಸ್ಟ್ರಟ್ ಕೂಡಿಸಿದರೂ ಫಲವಿಲ್ಲ.

ವರ್ಕ್‌ಶಾಪಿನ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಪೋಲೊ ಕಾರಿನಲ್ಲಿ ಸ್ಟ್ರಟ್‌ನ ಕೆಳತುದಿ ಹಬ್‌ನ (ಚಕ್ರ ಕೂರುವ ಭಾಗದ) ಸೀಳಿದ ಬಳೆಯೊಳಗೆ ಕೂತಿರುತ್ತದೆ. ಅದನ್ನು ಬಿಡಿಸಲು ಸೀಳಿನೊಳಗೆ ಒಂದು ವಿಶೇಷ ಸ್ಪ್ರೆಡರ್ ತೂರಿಸಿ ತಿರುಗಿಸಿ ಬಳೆಯನ್ನು ಅಗಲಿಸಬೇಕು. ಉಳಿ ಬಡಿದು ಬಿಡಿಸುವವರೂ ಇದ್ದಾರೆ, ಹಾಗೆ ಮಾಡಿದರೆ ಹಬ್‌ಗೆ ಗಾಯವಾಗುತ್ತದೆ. ಇಲ್ಲಿನ ಮಿಸ್ತ್ರಿಯ ಬಳಿ ಸರಿಯಾದ ಸ್ಪ್ರೆಡರ್ ಇತ್ತು. ಲೋವರ್ ಆರ್ಮ್ ಕೂಡಿಸಿದ ಮೇಲೆ ಅದರ ಬೋಲ್ಟುಗಳನ್ನು ಅರ್ಧಕ್ಕೇ ಬಿಟ್ಟದ್ದನ್ನು ಕಂಡು ಕಾರಣ ಕೇಳಿದಾಗ ಅವರು, “ಸಾಹೇಬ್ರ, ಗಾಡಿ ತನ್ನ ಗಾಲಿ ಮ್ಯಾಲ ನಿಂತಾಗ ಬಿಗಿ ಮಾಡ್ತೇನ್ರಿ. ಗಾಲಿ ಜೋತಾಡೂವಾಗ ಬಿಗಿ ಮಾಡಿದ್ರ ಇಳಿಸಿದ ಕೂಡ್ಲೇ ಬುಷ್ ತಿರುಚತೈತ್ರಿ, ಲಗೂನ ಹರೀತೈತಿ” ಎಂದರು. ಹೇಳಿದಂತೆಯೇ ಕಾರನ್ನು ಅಲೈನ್‌ಮೆಂಟ್ ರ‍್ಯಾಂಪಿನ ಮೇಲೆ ನಿಲ್ಲಿಸಿ, ಕೆಳಗೆ ನುಸುಳಿ, ಟಾರ್ಕ್ ರೆಂಚಿನಿಂದ ಒಂದೊಂದೇ ಬೋಲ್ಟನ್ನು ಬಿಗಿ ಮಾಡಿ, ಬಿಗಿಯಾದದ್ದಕ್ಕೆಲ್ಲ ಬಿಳಿ ಬಣ್ಣದ ಗೆರೆ ಎಳೆದರು. ಇಷ್ಟು ನಿಷ್ಠೆಯಿಂದ ಕೆಲಸ ಮಾಡುವವರು ನಮ್ಮೂರಿನಲ್ಲೇ ಇದ್ದಾರೆಂಬುದು ಹೆಮ್ಮೆಯ ವಿಷಯ. ಕೊನೆಗೆ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನವನ್ನು ಸರಿಪಡಿಸಿ, ಮೊದಲಿನ ಮತ್ತು ನಂತರದ ಅಳತೆಗಳ ಚೀಟಿಯನ್ನು ಕೈಗಿತ್ತರು.

ಫಲಿತಾಂಶ ನನಗೆ ಸಂಪೂರ್ಣ ತೃಪ್ತಿ ತಂದ ಜಾಗವೆಂದರೆ ಘಾಟಿನ ತಿರುವು. ಮೊದಲು ತಿರುವಿನ ನಡುವೆ ಮುಂದಿನ ಚಕ್ರ ಗುಂಡಿಗೆ ಬಿದ್ದರೆ ಕಾರು ಒಂದು ಗೇಣು ಹೊರಕ್ಕೆ ಸರಿದು, ಮತ್ತೊಮ್ಮೆ ಸ್ಟೇರಿಂಗ್ ತಿದ್ದಬೇಕಾಗುತ್ತಿತ್ತು. ಈಗ ಹೊಡೆತ ಕೈಗೆ ತಿಳಿಯುತ್ತದೆ, ಕಾರು ಸಾಗುವ ಗೆರೆ ಮಾತ್ರ ಬದಲಾಗುವುದಿಲ್ಲ. ವಂಟಮೂರಿ ಘಾಟಿನ ಇಳಿಜಾರಿನಲ್ಲಿ ಲಾರಿಯನ್ನು ದಾಟಿ ಮತ್ತೆ ಎಡ ಲೇನಿಗೆ ಬರುವಾಗ ಕಾರು ಅತ್ತಿಂದಿತ್ತ ತೂಗುವುದು ನಿಂತಿದೆ. ಬ್ರೇಕ್ ಒತ್ತಿದಾಗ ಮೂತಿ ಈಗಲೂ ಬಾಗುತ್ತದೆ, ಏಕೆಂದರೆ ಎಷ್ಟು ಬಾಗಬೇಕೆಂಬುದನ್ನು ನಿರ್ಧರಿಸುವುದು ಸ್ಪ್ರಿಂಗ್. ಆದರೆ ಧುಮುಕುವಂತೆ ಬಾಗುತ್ತಿದ್ದದ್ದು ಈಗ ನಿಧಾನವಾಗಿ, ಹಿಡಿತದಲ್ಲಿ ಬಾಗುತ್ತದೆ.

ಕೊರತೆಗಳೂ ಇವೆ. ಖಡೇ ಬಜಾರಿನಂತಹ ಜನನಿಬಿಡ ರಸ್ತೆಯಲ್ಲಿ ಮೆಲ್ಲಗೆ ಹೋಗುವಾಗ ಸಣ್ಣ ಏರುತಗ್ಗುಗಳೂ ಮೊದಲಿಗಿಂತ ಹೆಚ್ಚು ಗೊತ್ತಾಗುತ್ತವೆ. ಬೆನ್ನುನೋವಿರುವ ಹಿರಿಯರು ಮನೆಯಲ್ಲಿದ್ದರೆ ಕೊಳ್ಳುವ ಮೊದಲು ಇದನ್ನು ಯೋಚಿಸಬೇಕು. ಹೆದ್ದಾರಿಯ ಉದ್ದನೆಯ ಅಲೆಗಳ ಮೇಲೆ ಮೂತಿ ಒಮ್ಮೆಗೇ ಸ್ಥಿರವಾದರೆ ಹಿಂಭಾಗ ಇನ್ನೊಮ್ಮೆ ಏರಿಳಿದು ನಿಲ್ಲುತ್ತದೆ. ಹಿಂದೆ ಮೂಲ ಶಾಕ್ ಅಬ್ಸಾರ್ಬರ್‌ಗಳೇ ಇರುವುದರಿಂದ ಹೀಗಾಗುತ್ತದೆ. ಶಕ್ತಿಯಿದ್ದವರು ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಲೇಸು. ಬೆಲೆಯೂ ಕಡಿಮೆಯೇನಲ್ಲ, ಮುಂದಿನ ಜೋಡಿಯ ಹಣದಲ್ಲಿ ಕಾರಿಗೆ ನಾಲ್ಕು ಒಳ್ಳೆಯ ಟೈರ್ ಬರುತ್ತವೆ. ಟೈರ್ ಸವೆದಿದ್ದರೆ ಮೊದಲು ಅದಕ್ಕೇ ಖರ್ಚು ಮಾಡಿ, ಹಣ ಉಳಿದರೆ ಬುಷ್ ಮತ್ತು ಅಲೈನ್‌ಮೆಂಟ್ ನೋಡಿಸಿ, ಬಿ6 ವಿಚಾರ ಆಮೇಲೆ. ಊರೊಳಗೇ ಓಡಾಡುವವರಿಗೆ ಮೂಲ ಬಿಡಿಭಾಗವೇ ಸಾಕು.

ಉದ್ಯಮಬಾಗದ ಯಾವುದೇ ವರ್ಕ್‌ಶಾಪಿಗೆ ಕೊಡುವ ಮೊದಲು ಹಬ್ ಸ್ಪ್ರೆಡರ್ ಇದೆಯೇ, ಬುಷ್ ಬೋಲ್ಟುಗಳನ್ನು ಕಾರು ನೆಲದ ಮೇಲಿದ್ದಾಗ ಬಿಗಿ ಮಾಡುತ್ತಾರೆಯೇ ಎಂದು ಕೇಳಿಕೊಳ್ಳಿ. ಸ್ಟ್ರಟ್ ಆಮದಾಗಿ ಬರುವುದರಿಂದ ಅದು ಕೈಸೇರಿ, ಪಾರ್ಟ್ ನಂಬರ್ ತಾಳೆ ನೋಡಿದ ಮೇಲೆಯೇ ಕಾರನ್ನು ಬಿಚ್ಚಿಸಿ.