ಪ್ರಾಗ್ ನಾಪ್ಲಾವ್ಕ: ಎರಡೂವರೆ ಟನ್ ಬಾಗಿಲು ನೋಡೋಕಾದ್ರೂ ಹೋಗಿ

ಪ್ರಾಗ್‌ಗೆ ಹೋದೋರು ಚಾರ್ಲ್ಸ್ ಸೇತುವೆ, ಕೋಟೆ, ಗಡಿಯಾರ ಅಂತ ಸುತ್ತಿ ಬಂದ್ಬಿಡ್ತಾರೆ, ಈಗಿನ ಚೆಕ್ ಆರ್ಕಿಟೆಕ್ಟ್‌ಗಳು ಏನ್ ಮಾಡ್ತಿದಾರೆ ಅಂತ ಯಾರೂ ನೋಡಲ್ಲ. ನೋಡ್ಬೇಕು ಅಂದ್ರೆ ವ್ಲ್ತಾವ ನದಿ ದಂಡೆಗೆ ಇಳೀರಿ, ಅದಕ್ಕೇ ನಾಪ್ಲಾವ್ಕ ಅನ್ನೋದು. ಅಲ್ಲಿ ಕಲ್ಲಿನ ತಡೆಗೋಡೆ ಒಳಗೆ ಸಾಲಾಗಿ ಕಮಾನಿನ ಗೂಡುಗಳಿವೆ, ಹಿಂದೆ ಐಸ್ ಇಡ್ತಿದ್ರಂತೆ, ಆಮೇಲೆ ಕೇಳೋರಿಲ್ದೆ ಬಿದ್ದಿದ್ವು. ಪೆತ್ರ್ ಯಾಂಡಾ ಅನ್ನೋ ಆರ್ಕಿಟೆಕ್ಟ್, ತಮ್ಮ ಬ್ರೈನ್‌ವರ್ಕ್ ಸ್ಟುಡಿಯೋ ಜೊತೆ, ಅಂಥ 20 ಗೂಡುಗಳನ್ನ ಕೆಫೆ, ಗ್ಯಾಲರಿ, ಪಬ್ಲಿಕ್ ಟಾಯ್ಲೆಟ್ ಅಂತೆಲ್ಲ ಮಾಡಿದ್ದಾರೆ. ಮೊದಲ ಹಂತ 2019ರಲ್ಲಿ ಮುಗೀತು.

ನೋಡ್ಬೇಕಾಗಿರೋದು ರಾಶೀನ್ ದಂಡೆ ಕಡೆಯ ಬಾಗಿಲುಗಳು. ಬಾಗಿಲೋ ಕಿಟಕಿನೋ ನೀವೇ ಹೇಳಿ, ಐದೂವರೆ ಮೀಟರ್ ಅಗಲದ ಗುಂಡನೆ ಪಾರದರ್ಶಕ ಹಲಗೆ, 7 ಸೆಂಟಿಮೀಟರ್ ದಪ್ಪ, ಎರಡೂವರೆ ಟನ್ ತೂಕ, ಅದು ಓರೆಯಾಗಿ ತನ್ನ ಅಕ್ಷದ ಮೇಲೇ ತಿರುಗಿ ನಿಂತ್ಕೊಳ್ಳುತ್ತೆ, ಅರ್ಧ ಒಳಗೆ ಅರ್ಧ ಹೊರಗೆ. ತೆರೆದಾಗ ಕೆಫೆ ಎಲ್ಲಿ ಮುಗೀತು ರಸ್ತೆ ಎಲ್ಲಿ ಶುರುವಾಯ್ತು ಗೊತ್ತೇ ಆಗಲ್ಲ. ನನಗೆ ಈ ಮನುಷ್ಯನ ಕೆಲಸ ಹಿಡಿಸಿದ್ದು ಇಲ್ಲೇ, ಇರೋ ಗೋಡೆ ತಂಟೆಗೆ ಹೋಗಿಲ್ಲ, ಒಂದೇ ಒಂದು ಚಲಿಸೋ ವಸ್ತು ತಂದಿಟ್ಟು ಇಡೀ ದಂಡೆಯ ಲುಕ್ ಬದಲಾಯಿಸಿದ್ದಾರೆ. ಹತ್ರದಲ್ಲೇ 1996ರ ಡ್ಯಾನ್ಸಿಂಗ್ ಹೌಸ್ ಅನ್ನೋ, ಕುಣೀತಿರೋ ಜೋಡಿ ಥರ ಕಾಣೋ ಕಟ್ಟಡ ಇದೆ, ಅದು ದೂರದಿಂದ್ಲೇ ನನ್ನ ನೋಡು ನನ್ನ ನೋಡು ಅನ್ನುತ್ತೆ. ಇಲ್ಲಿ ಅಂಥ ಆರ್ಭಟ ಇಲ್ಲ, ಮೇಲಿನ ರಸ್ತೇಲಿ ನಡೆದು ಹೋದ್ರೆ ಏನೂ ಕಾಣ್ಸೋದೂ ಇಲ್ಲ.

ಒಳಗಡೆ ಬರೀ ಕಾಂಕ್ರೀಟು, ಉಕ್ಕು. ಶೋಕಿಗೆ ಮಾಡಿದ್ದು ಅನ್ಕೋಬೇಡಿ, ನದಿ ಉಕ್ಕಿದ್ರೆ ಮೊದಲು ಮುಳುಗೋದೇ ಈ ದಂಡೆ, 2002ರ ಪ್ರವಾಹದಲ್ಲಿ ಊರು ಪಟ್ಟ ಪಾಡು ಗೊತ್ತಲ್ಲ, ಮರ ಬಟ್ಟೆ ಹಾಕಿ ಅಲಂಕಾರ ಮಾಡಿದ್ರೆ ಒಂದು ನೆರೆಗೆ ಎಲ್ಲ ಗೋವಿಂದ. ಆದ್ರೆ ಇದಕ್ಕೊಂದು ಬೆಲೆ ಇದೆ, ಹತ್ತು ಜನ ಮಾತಾಡೋಕೆ ಶುರು ಮಾಡಿದ್ರೆ ಗೂಡು ಪೂರ್ತಿ ಗುಂಯ್ ಅನ್ನುತ್ತೆ, ಎದುರಿಗೆ ಕೂತೋರ ಮಾತೇ ಕೇಳಲ್ಲ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ್ರೆ ಅರ್ಧ ಮಜಾನೂ ಹೋಯ್ತು.

ನದಿಯ ಆಚೆ ಬದಿ ಹೊರ್ಝೆಯ್ಶಿ ದಂಡೆಯ ಗೂಡುಗಳಿಗೆ ಈ ಗುಂಡು ಬಾಗಿಲುಗಳಿಲ್ಲ, ಉಕ್ಕಿನವು, ಚೆನ್ನಾಗೇ ಇವೆ ಆದ್ರೆ ಎದೆ ಝಲ್ ಅನ್ಸಲ್ಲ. ಟಾಯ್ಲೆಟ್‌ಗೂ ಕೆಫೆಯಷ್ಟೇ ತಲೆ ಖರ್ಚು ಮಾಡಿದಾರೆ ನೋಡಿ, ಅದಕ್ಕೇ ಅರ್ಧ ಸ್ಟಾರ್ ಜಾಸ್ತಿ, ಒಟ್ಟು 5ಕ್ಕೆ ನಾಲ್ಕೂವರೆ. ಶನಿವಾರ ಬೆಳಿಗ್ಗೆ ರೈತರ ಸಂತೆ ಇರುತ್ತೆ, ಕಾಲಿಡೋಕೆ ಜಾಗ ಇರಲ್ಲ, ಬಾಗಿಲು ತಿರುಗೋದನ್ನ ಆರಾಮಾಗಿ ನಿಂತು ನೋಡ್ಬೇಕು ಅಂದ್ರೆ ಬೇರೆ ದಿನ ಹೋಗಿ.